ಮನೆಗೆ ಎಕ್ಸರ್‌ಸೈಸ್ ಸೈಕಲ್: ಚೈನ್ ಇದ್ದದ್ದು ತಗೊಳ್ಳುದಾ, ಬೆಲ್ಟ್ ಇದ್ದದ್ದಾ? (ಕಡಲ ಹತ್ತಿರದ ಮನೆ)

ಕುಂಬಳೆ_ಅಕ್ಕ:

ಎಲ್ಲರಿಗೂ ನಮಸ್ಕಾರ. ಮನೆಯೊಳಗೆ ಓಡಿಸ್ಲಿಕ್ಕೆ ಒಂದು ಎಕ್ಸರ್‌ಸೈಸ್ ಸೈಕಲ್ ತಗೊಳ್ಬೇಕು ಅಂತ ಉಂಟು. ಮಳೆಗಾಲ ಹಿಡಿದ್ರೆ ನಮ್ಮಲ್ಲಿ ವಾಕಿಂಗ್ ಅಂತ ಹೊರಗೆ ಕಾಲಿಡುದು ಅಂದ್ರೆ ಎಂತ ಅಂತ ಗೊತ್ತುಂಟಲ್ಲ, ಒಂದು ಕೈಯಲ್ಲಿ ಕೊಡೆ ಮತ್ತೊಂದು ಕೈಯಲ್ಲಿ ಸೀರೆ, ಲಾರಿ ಹೋದ್ರೆ ಮೈಯೆಲ್ಲಾ ಕೆಸರು. ಹಾಗಾಗಿ ಈ ಸಲ ಆಟಿ ಬರುವ ಮೊದ್ಲೇ ತಗೊಳ್ಳುವ ಅಂತ.

ಓಡಿಸುವವರು ಮೂರು ಜನ. ನಾನು, ನಮ್ಮ ಯಜಮಾನ್ರು (ತೂಕ 90ರ ಹತ್ತಿರ, ಅವರಿಗೆ ಹೇಳ್ಬೇಡಿ), ಮತ್ತೆ ಅತ್ತೆ. ಅತ್ತೆಗೆ ಮೊಣಗಂಟು ನೋವು, ಡಾಕ್ಟ್ರು ಲೋಡ್ ಇಲ್ಲದೆ ನಿಧಾನಕ್ಕೆ ಪೆಡಲ್ ಮಾಡಿದ್ರೆ ಒಳ್ಳೇದು ಅಂದಿದ್ದಾರೆ.

ಅಂಗಡಿಗೆ ಹೋದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಒಂದು ಕಡೆ ಚೈನಿನದ್ದು ತೋರಿಸಿದ್ರು, ಚಕ್ರವೇ 18 ಕೆಜಿ ಉಂಟಂತೆ, ಅದರ ಮೇಲೆ ಒಂದು ಫೆಲ್ಟ್ ಪ್ಯಾಡ್ ಒತ್ತಿ ಬಿಗಿ ಮಾಡುದು, "ಇದು ಜಿಮ್ಮಿನ ಮಾಲು ಮೇಡಂ, ಹಾಳಾಗುದೇ ಇಲ್ಲ" ಅಂತ. ಇನ್ನೊಂದು ಕಡೆ ಬೆಲ್ಟು, ಒಳಗೆ ಮ್ಯಾಗ್ನೆಟ್ ಅಂತೆ, ಚಕ್ರ 6 ಕೆಜಿ ಮಾತ್ರ, ರೇಟು ಮಾತ್ರ ಅದಕ್ಕೇ ಜಾಸ್ತಿ! ಇಷ್ಟು ಸಣ್ಣ ಚಕ್ರಕ್ಕೆ ಅಷ್ಟು ಯಾಕೆ ಅಂತ ಕೇಳಿದ್ರೆ ಸೈಲೆಂಟ್, ಸೈಲೆಂಟ್ ಅಂತಷ್ಟೇ ಹೇಳಿದ. ಯಜಮಾನ್ರ ಪ್ಲಾನ್ ಬೇರೆ, ಅಟ್ಟದಲ್ಲಿ ಅವರ ಹಳೇ ಸೈಕಲ್ ಉಂಟು, ವೆಲ್ಡಿಂಗ್ ಶಾಪಲ್ಲಿ ಸ್ಟ್ಯಾಂಡ್ ಮಾಡಿಸಿ ಹಿಂದಿನ ಚಕ್ರ ಎತ್ತಿ ನಿಲ್ಸಿದ್ರೆ ಆಯ್ತಲ್ಲ ಅಂತ.

ನಮ್ಮದು ಹಳೇ ಮನೆ, ಸೈಕಲ್ ಇಡುದು ಉಪ್ಪರಿಗೆಯಲ್ಲಿ, ಮರದ ಮುಚ್ಚಿಗೆ. ಕಡಲು ಅಲ್ಲಿಂದ ಕಾಣ್ತದೆ. ಕಿಟಕಿ ಸರಳಿಗೆ ಎಷ್ಟು ಪೈಂಟ್ ಹೊಡೆದ್ರೂ ತುಕ್ಕು. ಕೆಳಗೆ ಮಗಳು ಓದುವ ರೂಮು, ಹತ್ತನೇ ಕ್ಲಾಸು. ಇದಕ್ಕೆ ಯಾವುದು ಆಗ್ತದೆ ಹೇಳಿ.

ಉಪ್ಪಳ_ಸೈಕಲ್‌ಶಾಪ್:

ಅಕ್ಕ, ನಾನು ಸೈಕಲ್ ರಿಪೇರಿಯವ, ಹಾಗಾಗಿ ಚೈನಿನ ಪರ ಸ್ವಲ್ಪ ಮಾತಾಡ್ತೇನೆ ಬೇಜಾರು ಮಾಡ್ಬೇಡಿ. ಆ ಚೈನು ನಮ್ಮ ಸಾದಾ ಸೈಕಲಿನ ಚೈನೇ, ಒಂದು ಪಿನ್ನಿಂದ ಇನ್ನೊಂದು ಪಿನ್ನಿಗೆ ಅರ್ಧ ಇಂಚು, ಕುಂಬಳೆ ಪೇಟೆಯಲ್ಲೂ ಸಿಗ್ತದೆ ಉಪ್ಪಳದಲ್ಲೂ ಸಿಗ್ತದೆ. ಜಾಯಿಂಟ್ ಲಿಂಕ್ ಬಿಡಿಸಿದ್ರೆ ಚೈನ್ ಕೈಗೆ ಬಂತು, ಹೊಸತು ಹಾಕಿ ಲಾಕ್ ಮಾಡಿದ್ರೆ ಮುಗೀತು. ಬೆಲ್ಟು ಹಾಗಲ್ಲ, ಅದಕ್ಕೆ ಜಾಯಿಂಟೇ ಇಲ್ಲ, ಇಡೀ ಉಂಗುರ. ಅದನ್ನು ತೆಗೀಬೇಕಾದ್ರೆ ಮೊದ್ಲು ಪೆಡಲ್, ಮತ್ತೆ ಕ್ರ್ಯಾಂಕ್ (ಪೆಡಲ್ ಸಿಕ್ಕಿಸಿದ ಕಬ್ಬಿಣದ ಕೈ), ಮತ್ತೆ ಪ್ಲಾಸ್ಟಿಕ್ ಕವರ್ ಎರಡೂ ಬದಿ, ಕ್ರ್ಯಾಂಕ್ ಎಳೀಲಿಕ್ಕೆ ಪುಲ್ಲರ್ ಬೇಕು, ಅದು ಇಲ್ಲದವ ಸುತ್ತಿಗೆಯಲ್ಲಿ ಬಡಿದು ಬಡಿದು ಬೇರಿಂಗೂ ಹಾಳು ಮಾಡ್ತಾನೆ. ನನ್ನಲ್ಲಿಗೆ ಬಂದ ಎರಡು ಮೂರು ಹಾಗೇ ಬಡಿಸ್ಕೊಂಡು ಬಂದದ್ದು.

ಆದ್ರೆ ನಿಮ್ಮ ಮನೆ ಕಡಲಿನ ಹತ್ತಿರ ಅಂದ್ರಲ್ಲ, ಅಲ್ಲಿ ನನಗೂ ಡೌಟು. ಉಪ್ಪು ಗಾಳಿಗೆ ಚೈನಿನ ಕೆಲಸ ಜಾಸ್ತಿ, ಆಯಿಲ್ ಹಾಕದೆ ಮಳೆಗಾಲ ಕಳೆದ್ರೆ ಲಿಂಕ್ ಒಂದೊಂದೇ ಕಚ್ಚಿ ನಿಲ್ತದೆ, ಪೆಡಲ್ ತಿರುಗಿಸಿದ್ರೆ ಟಕ್ ಟಕ್ ಅಂತ ಹಾರ್ತದೆ. ಮತ್ತೆ ದಯಮಾಡಿ ಯಾರೂ ತೆಂಗಿನೆಣ್ಣೆ ಹಾಕ್ಬೇಡಿ! ನಮ್ಮ ಊರಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ. ಧನು ತಿಂಗಳ ಬೆಳಗ್ಗಿನ ಚಳಿಗೆ ಬಾಟ್ಲಿಯಲ್ಲಿ ಕಟ್ಟುವ ಎಣ್ಣೆ ಚೈನಿನಲ್ಲೂ ಕಟ್ತದೆ, ಧೂಳು ಸೇರಿ ಕಪ್ಪು ಅಂಟು ಆಗ್ತದೆ. ತುಕ್ಕು ಬಿಡಿಸುವ ಸ್ಪ್ರೇ ಸಹ ಆಯಿಲ್ ಅಲ್ಲ, ಅದು ಬಿಡಿಸ್ಲಿಕ್ಕೆ, ಸ್ವಲ್ಪ ದಿನದಲ್ಲಿ ಹಾರಿ ಹೋಗ್ತದೆ. ಚೈನ್ ಆಯಿಲ್ ಲಿಂಕಿನ ರೋಲರಿಗೆ ಒಂದೊಂದು ಬಿಂದು ಹಾಕಿ, ಹತ್ತು ಸುತ್ತು ತಿರುಗಿಸಿ, ಹೊರಗಿನದ್ದು ಬಟ್ಟೆಯಲ್ಲಿ ಒರಸ್ಬೇಕು. ಒರಸದಿದ್ರೆ ನಿಮ್ಮ ಮುಚ್ಚಿಗೆ ಮೇಲೆ ಕಪ್ಪು ಕಲೆ ಗ್ಯಾರಂಟಿ.

ಯಜಮಾನ್ರ ಸ್ಟ್ಯಾಂಡ್ ಐಡಿಯ ಬಗ್ಗೆ: ಚಕ್ರ ಎತ್ತಿ ಬಿಟ್ರೆ ಲೋಡೇ ಇಲ್ಲ, ಕಾಲು ಸುಮ್ನೆ ಗಾಳಿಯಲ್ಲಿ ತಿರುಗ್ತದೆ. ಟಯರಿಗೆ ರೋಲರ್ ಒತ್ತುವ ಸ್ಟ್ಯಾಂಡ್ ರೆಡಿಮೇಡ್ ಬರ್ತದೆ, ಆದ್ರೆ ಅತ್ತೆಯನ್ನು ಅಷ್ಟು ಎತ್ತರದ ಸೈಕಲಿಗೆ ಹತ್ತಿಸುದು ಯಾರು?

ಪೆರ್ಲದ_ತೋಟದವ:

ಉಪ್ಪಳದ ಅಣ್ಣ ಹೇಳಿದ್ದು ಸರಿ, ಬೆಲ್ಟ್ ತೆಗಿಯುದು ಕಷ್ಟ. ಆದ್ರೆ ಎಷ್ಟು ಸಲ ತೆಗಿಬೇಕಾಗ್ತದೆ ಅನ್ನುದು ನೋಡ್ಬೇಕಲ್ಲ. ನಮ್ಮಲ್ಲಿ ಅಡಿಕೆ ಸುಲಿಯುವ ಮೆಷಿನ್ ಉಂಟು, ನಾನು ಐಟಿಐ ಮಾಡಿ ಸ್ವಲ್ಪ ವರ್ಷ ವರ್ಕ್‌ಶಾಪಲ್ಲಿ ಇದ್ದವ, ಬೆಲ್ಟಿನ ಒಟ್ಟಿಗೇ ಬೆಳೆದದ್ದು ಅಂತ ಬೇಕಾದ್ರೆ ಹೇಳಿ. ಅಡಿಕೆ ಮೆಷಿನಿನದ್ದು ವಿ ಬೆಲ್ಟ್, ದಪ್ಪ, ಬಿ ಸೆಕ್ಷನ್ ಎಲ್ಲ ಬರ್ತದಲ್ಲ ಅದು. ಎಕ್ಸರ್‌ಸೈಸ್ ಸೈಕಲಲ್ಲಿ ಹೆಚ್ಚಾಗಿ ಇರುದು ಚಪ್ಪಟೆ ಬೆಲ್ಟು, ಒಳಬದಿಯಲ್ಲಿ ಉದ್ದುದ್ದಕ್ಕೆ ಸಣ್ಣ ಸಣ್ಣ ಗೀರು ಇರ್ತದೆ, ಪಾಲಿ ವಿ ಅಂತ ಹೇಳುದು. ನಿಮ್ಮ ಮನೆಯಲ್ಲಿ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಇದ್ರೆ ಹಿಂದಿನ ಕವರ್ ತೆಗ್ದು ನೋಡಿ, ಅದರಲ್ಲೂ ಇದೇ ಜಾತಿ. ಬೆನ್ನಿನ ಮೇಲೆ ನಂಬ್ರ ಬರ್ದಿರ್ತದೆ, ಉದಾಹರಣೆಗೆ 500 ಜೆ 6 ಅಂತ ಇದ್ರೆ ಉದ್ದ 50 ಇಂಚು, ಗೀರಿನ ಸೈಜು ಜೆ, ಗೀರು 6. ಕೆಲವರು ಮಿಲಿಮೀಟರಲ್ಲಿ 1270 ಅಂತ ಬರೀತಾರೆ, ಎರಡೂ ಒಂದೇ. ಈ ನಂಬ್ರ ಇದ್ರೆ ಆ ಕಂಪೆನಿಯವನ ಕಾಲು ಹಿಡಿಯುದು ಬೇಡ, ಮಂಗಳೂರಲ್ಲಿ ಬೆಲ್ಟ್ ಬೇರಿಂಗ್ ಮಾರುವ ಅಂಗಡಿಯಲ್ಲಿ ಕೇಳ್ಬಹುದು.

ಬೆಲ್ಟಿಗೆ ಆಯಿಲ್ ಬೇಡ, ಹಾಕ್ಲೇಬಾರ್ದು, ರಬ್ಬರ್ ಉಬ್ಬುತ್ತದೆ. ತುಕ್ಕಿನ ಮಾತೇ ಇಲ್ಲ. ಶಬ್ದ ಸಹ ಕಡಿಮೆ, ಯಾಕಂದ್ರೆ ಚೈನಿನ ಹಾಗೆ ಒಂದೊಂದು ಲಿಂಕ್ ಹಲ್ಲಿಗೆ ಬಂದು ಬಡಿಯುದಿಲ್ಲ. ಆ ಬಡಿತ ಫ್ರೇಮಿಗೆ, ಫ್ರೇಮಿಂದ ನೆಲಕ್ಕೆ, ನಿಮ್ಮ ಮುಚ್ಚಿಗೆ ಹಲಗೆಗೆ ಹೋದ್ರೆ ಕೆಳಗಿನ ರೂಮಿಗೆ ಚೆಂಡೆ ಕೇಳಿದ ಹಾಗೆ. ಬೆಲ್ಟಿನ ತೊಂದ್ರೆ ಎಂತ ಅಂದ್ರೆ ಲೂಸ್ ಆದ್ರೆ ಜಾರ್ತದೆ. ಕೀಂ ಅಂತ ಕೂಗ್ತದೆ. ಆಗ ಎಲ್ಲರೂ ಮಾಡುದು ಸಿಕ್ಕಾಪಟ್ಟೆ ಟೈಟ್, ಅಡಿಕೆ ಮೆಷಿನಿಗೂ ಅದೇ ಗತಿ, ಬೆಲ್ಟ್ ಉಳೀತದೆ ಬೇರಿಂಗ್ ಹೋಗ್ತದೆ. ಮೊದ್ಲು ಎರಡು ಪುಲ್ಲಿ (ಬೆಲ್ಟ್ ಸುತ್ತಿ ಕೂರುವ ಗಾಲಿ) ಒಂದೇ ಲೈನಲ್ಲಿ ಉಂಟಾ ನೋಡ್ಬೇಕು, ಆಮೇಲೆ ಬಿಗಿ.

ಅಂಗಡಿಯಲ್ಲೇ ಟೆಸ್ಟ್ ಮಾಡ್ಬಹುದು. ನಿಮ್ಮ ಯಜಮಾನ್ರನ್ನು ಹತ್ತಿಸಿ, ಲೋಡ್ ಫುಲ್ ಇಟ್ಟು, ನಿಂತಲ್ಲಿಂದ ಒಮ್ಮೆಲೇ ಜೋರಾಗಿ ತುಳೀಲಿ. ಪೆಡಲ್ ಗಕ್ಕನೆ ಮುಂದೆ ಜಾರಿದ್ರೆ ಆ ಬೆಲ್ಟ್ ಸರಿ ಇಲ್ಲ, ಇಲ್ಲದಿದ್ರೆ ಸಣ್ಣ ಪುಲ್ಲಿಗೆ ಅದು ಸಾಕಷ್ಟು ಸುತ್ತಿ ಕೂತಿಲ್ಲ. ಒಳ್ಳೆ ಮೆಷಿನಲ್ಲಿ ಬೆಲ್ಟಿನ ಹೊರಗಿನಿಂದ ಒತ್ತುವ ಒಂದು ಐಡ್ಲರ್ ಪುಲ್ಲಿ ಕೊಟ್ಟಿರ್ತಾರೆ, ಅದು ಬಿಗಿಯೂ ಮಾಡ್ತದೆ, ಸುತ್ತುವುದನ್ನೂ ಜಾಸ್ತಿ ಮಾಡ್ತದೆ.

ಇನ್ನು 18 ಕೆಜಿ 6 ಕೆಜಿ ಲೆಕ್ಕ. ಅಂಗಡಿಯವರು ಈ ತೂಕದಲ್ಲೇ ಎಲ್ಲರನ್ನೂ ಹೆದರಿಸುದು. ಚಕ್ರದಲ್ಲಿ ಕೂಡಿಡುವ ಶಕ್ತಿ ತೂಕಕ್ಕೆ ತಕ್ಕ ಹಾಗೆ ಹೆಚ್ಚಾಗ್ತದೆ ಸರಿ, ಆದ್ರೆ ವೇಗದ ವರ್ಗಕ್ಕೆ ತಕ್ಕ ಹಾಗೆ, ವ್ಯಾಸದ ವರ್ಗಕ್ಕೂ ತಕ್ಕ ಹಾಗೆ. ಪೆಡಲ್ ಒಂದು ಸುತ್ತಿಗೆ ದೊಡ್ಡ ಚಕ್ರ 3 ಸುತ್ತು, ಸಣ್ಣದು 8 ಸುತ್ತು ತಿರುಗ್ತದೆ ಅಂತ ಇಟ್ಕೊಳ್ಳಿ. 18 ಗುಣಿಸು 9, 162. 6 ಗುಣಿಸು 64, 384. ಸಣ್ಣ ಚಕ್ರದ ವ್ಯಾಸ ದೊಡ್ಡದರ ಅರ್ಧ ಆದ್ರೆ 384ನ್ನು ನಾಲ್ಕರಿಂದ ಭಾಗಿಸಿ, 96. ಅಂದ್ರೆ ತೂಕ ಮೂರರಲ್ಲಿ ಒಂದು, ಕೆಲಸ ಅರ್ಧಕ್ಕಿಂತ ಮೇಲೆ. ಹಾಗಾಗಿ ಬರೀ ಕೆಜಿ ನೋಡ್ಬೇಡಿ, ಕೂತು ತುಳಿದು ನೋಡಿ, ಪೆಡಲ್ ಮೇಲೆ ಬರುವಾಗ ಸತ್ತ ಹಾಗೆ ನಿಲ್ತದಾ ಇಲ್ವಾ ಕಾಲಿಗೇ ಗೊತ್ತಾಗ್ತದೆ.

ಕಾಸ್ರೋಡ್_ಪೆಡಲ್:

ಒಂದ್ನಿಮಿಷ, ಎಲ್ರೂ ಬೆಲ್ಟ್ ಬೆಲ್ಟ್ ಅಂತ ಕೂತ್ರೆ ಹೇಗೆ 😄 ನಾನು ಜಿಮ್ಮಲ್ಲಿ ಚೈನಿನ ಸ್ಪಿನ್ ಬೈಕೇ ಓಡಿಸುದು, ಆ ರೋಡ್ ಫೀಲ್ ಬೆಲ್ಟಲ್ಲಿ ಇಲ್ಲ, ಕಾಲು ಒತ್ತಿದ ಕೂಡ್ಲೇ ಚಕ್ರ ಹಿಡೀತದೆ. ಭಾರದ ಚಕ್ರ ಒಮ್ಮೆ ಸ್ಪೀಡಿಗೆ ಬಂದ್ರೆ ಆಹಾ. ಯಜಮಾನ್ರಿಗೆ ತೂಕ ಇಳಿಸ್ಬೇಕು ಅಂತಾದ್ರೆ ಅದೇ ಬೆಸ್ಟ್. ಆಯಿಲ್ ಹಾಕುದು ಎಂತ ದೊಡ್ಡ ಕೆಲಸ, ಬೈಕಿಗೆ ಹಾಕುದಿಲ್ವಾ?

ಪೆರ್ಲದ_ತೋಟದವ:

ತಮ್ಮಾ, ನಿನಗೆ ಒಬ್ಬನಿಗೇ ಆದ್ರೆ ತಗೋ, ನಾನು ಬೇಡ ಅನ್ನುದಿಲ್ಲ. ಇಲ್ಲಿ ಅತ್ತೆ ಇದ್ದಾರೆ. ಮತ್ತೆ ನೀನು ಹೇಳುವ ಆ ಫೀಲ್ ಚೈನಿಂದ ಬಂದದ್ದಾ, ಫ್ರೀವೀಲ್ (ಕಾಲು ನಿಲ್ಲಿಸಿದ್ರೆ ಪೆಡಲ್ ನಿಂತು ಚಕ್ರ ಮಾತ್ರ ತಿರುಗುವ ವ್ಯವಸ್ಥೆ) ಇಲ್ಲದ್ದರಿಂದ ಬಂದದ್ದಾ, ಒಮ್ಮೆ ಯೋಚನೆ ಮಾಡು.

ನೀರ್ಚಾಲು_ಫಿಸಿಯೋ:

ಈಗ ಮುಖ್ಯ ವಿಷಯಕ್ಕೆ ಬಂದ್ರಿ ತೋಟದ ಅಣ್ಣ. ನಾನು ಇಷ್ಟು ಹೊತ್ತು ಓದ್ತಾ ಇದ್ದೆ, ಯಾರೂ ಇದನ್ನು ಹೇಳ್ಲಿಲ್ಲ ಅಂತ. ಕುಂಬಳೆ ಅಕ್ಕ, ಚೈನ್ ಬೆಲ್ಟ್ ಎರಡನೇ ಪ್ರಶ್ನೆ. ಅತ್ತೆ ಓಡಿಸುದಾದ್ರೆ ಮೊದಲನೇ ಪ್ರಶ್ನೆ, ಕಾಲು ನಿಲ್ಲಿಸಿದ್ರೆ ಪೆಡಲ್ ನಿಲ್ತದಾ?

ಸ್ಪಿನ್ ಬೈಕ್ ಅಂತ ಮಾರುದರಲ್ಲಿ ಹೆಚ್ಚಿನದ್ದು ಫಿಕ್ಸೆಡ್, ಅಂದ್ರೆ ಚಕ್ರ ತಿರುಗುವಷ್ಟು ಹೊತ್ತು ಪೆಡಲ್ ತಿರುಗ್ತಾನೇ ಇರ್ತದೆ, ನೀವು ನಿಲ್ಲಿಸಿದ್ರೂ ಅದು ನಿಮ್ಮ ಕಾಲನ್ನು ಎಳ್ಕೊಂಡು ಹೋಗ್ತದೆ. 18 ಕೆಜಿ ಚಕ್ರ ವೇಗದಲ್ಲಿದ್ದಾಗ ಅತ್ತೆಯ ಕಾಲು ಪೆಡಲಿಂದ ಜಾರಿದ್ರೆ ಪೆಡಲ್ ಬಂದು ಮೀನಗಂಡಕ್ಕೆ ಹೊಡೀತದೆ, ಮೊಣಗಂಟನ್ನು ತಿರುಚ್ತದೆ. ಅದನ್ನು ನಿಲ್ಸುದು ಲೋಡಿನ ನಾಬನ್ನು ಕೆಳಗೆ ಒತ್ತಿ ಬ್ರೇಕ್ ಹಾಕಿ, ಗಾಬರಿಯಲ್ಲಿ ವಯಸ್ಸಾದವರಿಗೆ ಅದು ನೆನಪಾಗುದಿಲ್ಲ. ಬೆಲ್ಟ್ ಇದ್ರೆ ಫ್ರೀವೀಲ್ ಇದ್ದೇ ಇರ್ತದೆ ಅಂತ ತಿಳ್ಕೊಳ್ಬೇಡಿ, ಬೆಲ್ಟಿನ ಸ್ಪಿನ್ ಬೈಕಲ್ಲೂ ಫಿಕ್ಸೆಡ್ ಉಂಟು. ಅಂಗಡಿಯವನ ಬಾಯಿ ನಂಬುದು ಬೇಡ, ಸ್ವಲ್ಪ ಸ್ಪೀಡಿಗೆ ತಂದು ಕಾಲು ಸಡಿಲ ಬಿಡಿ, ನಿಮಗೇ ಗೊತ್ತಾಗ್ತದೆ.

ಎರಡನೇದ್ದು ಲೋಡ್ ಹೇಗೆ ಕೊಡ್ತದೆ ಅನ್ನುದು. ಫೆಲ್ಟ್ ಪ್ಯಾಡ್ ಚಕ್ರಕ್ಕೆ ಉಜ್ಜಿ ತಡೀತದೆ. ನಿಧಾನಕ್ಕೆ ತುಳಿದ್ರೂ ಆ ತಡೆ ಅಷ್ಟೇ ಇರ್ತದೆ, ಶುರು ಮಾಡುವ ಮೊದಲ ಸುತ್ತಿಗೇ ಮೊಣಗಂಟಿಗೆ ಭಾರ. ಮ್ಯಾಗ್ನೆಟಿನದ್ದು ಬೇರೆ ಥರ, ಅಯಸ್ಕಾಂತ ಚಕ್ರಕ್ಕೆ ಮುಟ್ಟುದೇ ಇಲ್ಲ, ಪಕ್ಕದಲ್ಲಿ ಇರ್ತದೆ, ಚಕ್ರದ ಅಂಚಿನ ಅಲ್ಯೂಮಿನಿಯಂ ಅದರ ಹತ್ತಿರ ಓಡುವಾಗ ಲೋಹದೊಳಗೆ ಸುಳಿಯಂತೆ ಕರೆಂಟ್ ಹುಟ್ಟಿ ತಡೆ ಬರ್ತದೆ. ಓಟ ಇಲ್ಲದಿದ್ರೆ ತಡೆಯೂ ಇಲ್ಲ. ಹಾಗಾಗಿ ಅತ್ತೆ ನಿಧಾನಕ್ಕೆ ತುಳಿದ್ರೆ ಹಗುರ, ಯಜಮಾನ್ರು ಜೋರು ತುಳಿದ್ರೆ ತಾನಾಗಿ ಭಾರ, ಒಂದೇ ನಂಬ್ರದಲ್ಲಿ ಇಟ್ರೂ. ಮನೆಯಲ್ಲಿ ಮೂರು ಥರದವರು ಓಡಿಸುದಕ್ಕೆ ಇದು ಭಾರೀ ಉಪಕಾರ. ಉಜ್ಜುದು ಇಲ್ಲದ ಕಾರಣ ಸವೆಯುದೂ ಇಲ್ಲ, ಪ್ಯಾಡಿನ ಪುಡಿ ನೆಲಕ್ಕೆ ಉದುರುದೂ ಇಲ್ಲ.

ಸೀಟಿನ ಎತ್ತರ ಮಾತ್ರ ಮೂವರಿಗೂ ಬೇರೆ ಬೇರೆ ಇಡ್ಬೇಕು. ಪೆಡಲ್ ಕೆಳಗಿದ್ದಾಗ ಮೊಣಗಂಟು ಸ್ವಲ್ಪವೇ ಬಗ್ಗಿರ್ಬೇಕು. ತಗ್ಗಿನ ಸೀಟಲ್ಲಿ ಕೂತು ತುಳಿದ್ರೆ ಇದ್ದ ನೋವು ಜಾಸ್ತಿ ಆಗಿ ನನ್ನಲ್ಲಿಗೆ ಬರ್ತೀರಿ. ಅತ್ತೆಗೆ ಎಷ್ಟು ಹೊತ್ತು ಅನ್ನುದು ಅವರನ್ನು ನೋಡಿದ ಡಾಕ್ಟ್ರನ್ನೇ ಕೇಳಿ.

ಕುಂಬಳೆ_ಅಕ್ಕ:

ತುಂಬಾ ಉಪಕಾರ. ಫ್ರೀವೀಲ್ ವಿಷಯ ಯಾವ ಅಂಗಡಿಯಲ್ಲೂ ಹೇಳ್ಲಿಲ್ಲ ನೋಡಿ. ಇನ್ನೊಂದು ಡೌಟು, ಮ್ಯಾಗ್ನೆಟಿನದ್ದಕ್ಕೆ ಕರೆಂಟ್ ಬೇಕಾ? ನಮ್ಮಲ್ಲಿ ಗುಡುಗು ಶುರುವಾದ್ರೆ ಎಲ್ಲಾ ಪ್ಲಗ್ ತೆಗ್ದು ಕೂತ್ಕೊಳ್ಳುದು, ಮಳೆಗಾಲದಲ್ಲಿ ಕರೆಂಟ್ ಯಾವಾಗ ಬರ್ತದೆ ಯಾವಾಗ ಹೋಗ್ತದೆ ದೇವ್ರಿಗೇ ಗೊತ್ತು. ಮತ್ತೆ ತುಕ್ಕು ಅದಕ್ಕೆ ಹಿಡಿಯುದೇ ಇಲ್ವಾ?

ಪೆರ್ಲದ_ತೋಟದವ:

ಕೈಯಲ್ಲಿ ನಾಬ್ ತಿರುಗಿಸುವ ಮಾಡೆಲಿಗೆ ಕರೆಂಟ್ ಬೇಡ ಅಕ್ಕ. ನಾಬಿಂದ ಒಂದು ಕೇಬಲ್ ಕೆಳಗೆ ಹೋಗಿ ಮ್ಯಾಗ್ನೆಟ್ ಇರುವ ಪಟ್ಟಿಯನ್ನು ಚಕ್ರದ ಹತ್ತಿರ ದೂರ ಮಾಡುದು ಅಷ್ಟೇ, ಸೈಕಲಿನ ಬ್ರೇಕ್ ಕೇಬಲಿನ ಜಾತಿಯೇ. ಸ್ಕ್ರೀನಿಗೆ ಮಾತ್ರ ಸಣ್ಣ ಸೆಲ್ಲು, ಓಡಿಸದೆ ತುಂಬಾ ದಿನ ಬಿಡುದಾದ್ರೆ ಸೆಲ್ ತೆಗ್ದಿಡಿ, ನಮ್ಮ ಥಂಡಿಗೆ ಅದು ಒಡೆದು ಸ್ಪ್ರಿಂಗ್ ಹಸಿರು ಹಿಡೀತದೆ. ಬಟನ್ ಒತ್ತಿ ಲೋಡ್ ಏರಿಸುವ ಮಾಡೆಲಲ್ಲಿ ಸಣ್ಣ ಮೋಟರ್ ಉಂಟು, ಅದಕ್ಕೆ ಹೆಚ್ಚಾಗಿ ಪ್ಲಗ್ ಬೇಕು, ತುಳಿದ ಶಕ್ತಿಯಲ್ಲೇ ಓಡುವಂಥದ್ದೂ ಬರ್ತದೆ ಆದ್ರೆ ರೇಟ್ ಕೇಳಿದ್ರೆ ಸೈಕಲ್ ಹತ್ತದೇನೇ ಬೆವರು ಬರ್ತದೆ.

ತುಕ್ಕು ಹಿಡಿಯುವ ಜಾಗ ಇದ್ದೇ ಉಂಟು. ಸೀಟಿನ ಪೈಪು, ಹ್ಯಾಂಡಲಿನ ಪೈಪು, ಬೋಲ್ಟು, ಆ ಕೇಬಲು. ಕಡಲ ಗಾಳಿಗಿಂತ ಕೆಟ್ಟದ್ದು ಮೈಯ ಬೆವರು ಅಂತ ನನ್ನ ಅಭಿಪ್ರಾಯ, ಉಪ್ಪುನೀರು ನೇರ ಕಬ್ಬಿಣದ ಮೇಲೇ ಬೀಳುದಲ್ಲ. ಓಡಿಸಿ ಆದ ಮೇಲೆ ಒಂದು ಬೈರಾಸಲ್ಲಿ ಒರಸಿ. ಚಕ್ರ ಹೊರಗೆ ಕಾಣುವ ಮಾಡೆಲ್ ಬೇಡ, ಬೆವರು ಅದರ ಮೇಲೇ ತೊಟ್ಟಿಕ್ಕುದು. ಕವರಿನೊಳಗೆ ಇದ್ದದ್ದು ತಗೊಳ್ಳಿ.

ಬೇರಿಂಗ್ ಯಾವುದು ಅಂತ ಸಾಧ್ಯ ಆದ್ರೆ ಕೇಳಿ. 6004 ಥರದ್ದು ಇದ್ರೆ ಒಳಗಿನ ತೂತು 20 ಮಿಲಿಮೀಟರ್, ಹೊರಗೆ 42, ಯಾವ ಊರಲ್ಲೂ ಸಿಗುವ ಮಾಲು. ನಂಬ್ರದ ಹಿಂದೆ 2ಆರ್‌ಎಸ್ ಅಂತ ಇದ್ರೆ ಎರಡೂ ಬದಿ ರಬ್ಬರ್ ಸೀಲ್, ನಮ್ಮ ಕಡೆಗೆ ಅದೇ ಒಳ್ಳೇದು. ಝಡ್‌ಝಡ್ ಅಂದ್ರೆ ತಗಡಿನ ಮುಚ್ಚಳ, ಥಂಡಿ ಒಳಗೆ ಹೋಗ್ತದೆ.

ಕಾಸ್ರೋಡ್_ಪೆಡಲ್:

ಓಕೆ ಓಕೆ, ಅತ್ತೆ ಇದ್ದಾರೆ ಅನ್ನುದನ್ನು ನಾನು ಲೆಕ್ಕಕ್ಕೆ ಹಿಡೀಲಿಲ್ಲ. ಆದ್ರೂ ಒಂದು ಮಾತು, ಮ್ಯಾಗ್ನೆಟಿನ ಸಣ್ಣ ಮಾಡೆಲಲ್ಲಿ ಎದ್ದು ನಿಂತು ತುಳಿಯುದು ಆಗುದಿಲ್ಲ, ಫ್ರೇಮ್ ಅಲ್ಲಾಡ್ತದೆ. 90 ಕೆಜಿಯವರು ಕೂತೇ ಓಡಿಸ್ಬೇಕು. ಮ್ಯಾಕ್ಸಿಮಮ್ ತೂಕ 100 ಅಂತ ಬರ್ದದ್ದು ತಗೊಳ್ಬೇಡಿ, 120 ಮೇಲೆ ಇದ್ದದ್ದು ನೋಡಿ. ಸ್ಕ್ರೀನಲ್ಲಿ ತೋರಿಸುವ ಕ್ಯಾಲರಿ ನಂಬಿ ಹೋಳಿಗೆ ತಿನ್ಬೇಡಿ ಅಂತ ಯಜಮಾನ್ರಿಗೆ ಹೇಳಿ, ಅಂಥ ಮಾಡೆಲಿಗೆ ಎಷ್ಟು ಲೋಡ್ ಇಟ್ಟಿದ್ದೀರಿ ಅಂತಲೇ ಗೊತ್ತಿರುದಿಲ್ಲ, ಬರೀ ಸುತ್ತು ಎಣಿಸಿ ಹೇಳುದು.

ಕುಂಬಳೆ_ಅಕ್ಕ:

ನಿನ್ನೆ ಅತ್ತೆಯನ್ನೂ ಕರ್ಕೊಂಡು ಮಂಗಳೂರಿಗೆ ಹೋಗಿ ಬಂದೆವು. ನೀವು ಹೇಳಿದ್ದೆಲ್ಲಾ ಒಂದೊಂದೇ ಮಾಡಿದೆ, ಅಂಗಡಿ ಹುಡುಗ ನನ್ನನ್ನು ಮೆಕ್ಯಾನಿಕ್ ಅಂತ ಎಣಿಸಿರ್ಬೇಕು. ಚೈನಿನ 18 ಕೆಜಿಯದ್ದು ಫಿಕ್ಸೆಡ್ಡೇ, ಕಾಲು ಬಿಟ್ಟದ್ದಕ್ಕೆ ಪೆಡಲ್ ಗರಗರ ತಿರುಗ್ತಾನೇ ಇತ್ತು. ಅತ್ತೆ ನೋಡಿ "ಇದು ಬೇಡ ಮಗಾ" ಅಂತ ದೂರ ಹೋಗಿ ಕೂತ್ರು.

ಬೆಲ್ಟು ಮತ್ತೆ ಮ್ಯಾಗ್ನೆಟ್ ಇದ್ದದ್ದರಲ್ಲಿ ಎರಡು ನೋಡಿದೆ. ಒಂದರಲ್ಲಿ ಯಜಮಾನ್ರು ಜೋರು ತುಳಿದಾಗ ಪೆಡಲ್ ಜಾರಿತು, ಕೀಂ ಅಂತಲೂ ಕೂಗಿತು, ಹುಡುಗ ಹೊಸತಲ್ವಾ ಸರಿಯಾಗ್ತದೆ ಅಂದ. ಇನ್ನೊಂದು ಜಾರ್ಲಿಲ್ಲ, ಕಾಲು ಬಿಟ್ರೆ ಪೆಡಲ್ ನಿಲ್ತದೆ, 120 ಕೆಜಿ ಅಂತ ಬರ್ದಿದ್ದಾರೆ, ಚಕ್ರ ಕವರಿನೊಳಗೆ. ಅತ್ತೆಗೆ ಹತ್ತಲಿಕ್ಕೆ ಒಂದು ಮಣೆ ಇಟ್ರೆ ಸಾಕು. ಬೆಲ್ಟ್ ನಂಬ್ರ ಕೇಳಿದ್ದಕ್ಕೆ ಗೊತ್ತಿಲ್ಲ ಅಂದ, ಕಡೆಗೆ ಸರ್ವಿಸಿನವನಿಗೆ ಫೋನ್ ಮಾಡಿಸಿ ವಾಟ್ಸಾಪಲ್ಲಿ ಫೋಟೋ ತರಿಸಿದೆ. ಆರು ಗೀರಿನದ್ದೇ. ಅಡ್ವಾನ್ಸ್ ಕೊಟ್ಟು ಬಂದೆವು, ನಾಡಿದ್ದು ಬರ್ತದೆ, ಜೋಡಿಸುದು ನಾವೇ ಅಂತೆ.

ಪೆರ್ಲದ_ತೋಟದವ:

ಒಳ್ಳೇದಾಯ್ತು. ಆ ನಂಬ್ರವನ್ನು ಸೀಟಿನ ಅಡಿಯಲ್ಲಿ ಪರ್ಮನೆಂಟ್ ಮಾರ್ಕರಲ್ಲಿ ಬರ್ದಿಡಿ, ಫೋನಿನಲ್ಲಿದ್ದ ಫೋಟೋ ಬೇಕಾದಾಗ ಸಿಗುದಿಲ್ಲ. ಉಪ್ಪರಿಗೆಯಲ್ಲಿ ಇಡುವಾಗ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಮುಚ್ಚಿಗೆಯ ನಡುವೆ ಇಡ್ಬೇಡಿ, ಗೋಡೆಯ ಹತ್ತಿರ ತೊಲೆ ಎಲ್ಲಿ ಕೂತಿದೆಯೋ ಅಲ್ಲಿ ಇಡಿ. ನಡುವೆ ಇಟ್ರೆ ಹಲಗೆ ಕುಣೀತದೆ, ಬೆಲ್ಟ್ ಎಷ್ಟು ಸೈಲೆಂಟ್ ಆದ್ರೂ ಮಗಳ ತಲೆ ಮೇಲೆ ದಡಬಡ.

ಉಪ್ಪಳ_ಸೈಕಲ್‌ಶಾಪ್:

ನೀವೇ ಜೋಡಿಸುದು ಅಂದ್ರಲ್ಲ ಅಕ್ಕ, ಎಡದ ಪೆಡಲಿಗೆ ಉಲ್ಟಾ ಥ್ರೆಡ್ ಅಂತ ಯಜಮಾನ್ರಿಗೆ ಈಗ್ಲೇ ಹೇಳಿ. ಪೆಡಲ್ ಮೇಲೆ ಎಲ್ ಆರ್ ಅಂತ ಇರ್ತದೆ, ಎಲ್ ಇದ್ದದ್ದು ಎಡಕ್ಕೆ ತಿರುಗಿಸಿದ್ರೆ ಬಿಗಿ. ಮೊದಲ ನಾಲ್ಕೈದು ಸುತ್ತು ಕೈಯಲ್ಲೇ ಹೋಗ್ಬೇಕು, ಹೋಗದಿದ್ರೆ ಸ್ಪ್ಯಾನರ್ ಹಾಕಿ ಒತ್ತುದು ಬೇಡ, ಥ್ರೆಡ್ ಕೆತ್ತಿ ಹೋದ್ರೆ ಕ್ರ್ಯಾಂಕೇ ಹೊಸತು ಬೇಕು. ಓಡಿಸ್ಲಿಕ್ಕೆ ಶುರು ಮಾಡಿ ಸ್ವಲ್ಪ ದಿನ ಆದ ಮೇಲೆ ಕ್ರ್ಯಾಂಕಿನ ನಡುವಿನ ಬೋಲ್ಟ್ ಇನ್ನೊಮ್ಮೆ ಟೈಟ್ ಮಾಡಿ, ಅದು ಲೂಸ್ ಇದ್ದು ಓಡಿಸಿದ್ರೆ ಒಳಗಿನ ಚೌಕ ತೂತು ಸವೆದು ದುಂಡಗೆ ಆಗ್ತದೆ. ಜೋಡಿಸ್ಲಿಕ್ಕೆ ಆಗದಿದ್ರೆ ಹೇಳಿ, ಭಾನುವಾರ ಕುಂಬಳೆಗೆ ಬರ್ಲಿಕ್ಕುಂಟು, ಪುಲ್ಲರ್ ಹಿಡ್ಕೊಂಡೇ ಬರ್ತೇನೆ.

ಕುಂಬಳೆ_ಅಕ್ಕ:

ಯಜಮಾನ್ರು ಈಗ್ಲೇ ಸ್ಪ್ಯಾನರ್ ಹುಡುಕ್ತಾ ಇದ್ದಾರೆ, ಹಾಗಾಗಿ ನೀವು ಬರುದೇ ಒಳ್ಳೇದು ಅಣ್ಣ. ಊಟಕ್ಕೆ ಇಲ್ಲೇ.